ಧ್ಯಾನಕ್ಕೆ ಕುಳಿತಾಗ ಮನಸ್ಸು ಓಡುವುದೇಕೆ?

ಹಲಗೇರಿಯಲ್ಲಿ ಒಂದು ಸಂಜೆ ಮಿದುಳಿನ ಕುರಿತು ನಾಲ್ಕು ಮಾತು ಹೇಳುವ ಅವಕಾಶ ಒದಗಿತ್ತು. ಪ್ರಶ್ನೆಗಳ ಸರದಿ ಬಂದಾಗ ಅರವತ್ತು ದಾಟಿದ ರೈತರೊಬ್ಬರು ಎದ್ದು ನಿಂತರು. “ಸರ, ಕಣ್ಣ ಮುಚ್ಚಿ ಕುಂತರ ಸಾಕ್ರೀ, ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ದರ ಏನಾತು ಅನ್ನೂದ ನೆನಪಾಗತೈತಿ. ಆಮ್ಯಾಲೆ ಸೊಸೈಟಿ ಸಾಲ, ಆಮ್ಯಾಲೆ ಮಗಳ ಬಾಣಂತನ. ಮನಸ್ಸ ಖಾಲಿ ಆಗವಲ್ತು. ಧ್ಯಾನ ನಮ್ಮಂಥವರಿಗೆ ಅಲ್ಲ ಬಿಡ್ರಿ” ಎಂದರು. ಸರಿಯಾಗಿ ನಿದ್ದೆ ಬರದೆ ಎರಡು ತಿಂಗಳಾಗಿತ್ತಂತೆ. ಮೊಮ್ಮಗ ಮೊಬೈಲಿನಲ್ಲಿ ಹಚ್ಚಿಕೊಟ್ಟ ಧ್ಯಾನದ ಪಾಠ ಕೇಳುತ್ತ ನಾಲ್ಕು ದಿನ ಕುಳಿತಿದ್ದರು. ‘ಮನಸ್ಸನ್ನು ಖಾಲಿ ಮಾಡಿರಿ’ ಎಂದು ಆ ಪಾಠ ಹೇಳುತ್ತಿತ್ತು. ಆಗಲಿಲ್ಲ. ಐದನೆಯ ದಿನ ಬಿಟ್ಟರು.

ಪರೀಕ್ಷೆಯ ಭಯಕ್ಕೆ ಧ್ಯಾನ ಮಾಡಲು ಹೊರಟ ವಿದ್ಯಾರ್ಥಿಗಳೂ ಇದೇ ಮಾತು ಹೇಳುವುದನ್ನು ಕೇಳಿದ್ದೇನೆ. ಆರಂಭಿಸಿದವರು ಮೊದಲ ವಾರದಲ್ಲೇ ಕೈಬಿಡುವುದಕ್ಕೆ ಸೋಮಾರಿತನ ಕಾರಣವಲ್ಲ. ತಾವು ಸೋತೆವು ಎಂಬ ಭಾವನೆ ಕಾರಣ. ಆದರೆ ಅವರು ಯಾವುದನ್ನು ಸೋಲು ಎಂದು ತಿಳಿದಿದ್ದಾರೋ ಅದು ಸೋಲೇ ಅಲ್ಲ. ಅದೇಕೆ ಎಂದು ಅರಿಯಲು, ಏನೂ ಕೆಲಸವಿಲ್ಲದೆ ಸುಮ್ಮನಿರುವಾಗ ಮಿದುಳು ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ಸುಮ್ಮನಿರದ ಮಿದುಳು

ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡಾ 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಶಕ್ತಿಯಲ್ಲಿ ಶೇಕಡಾ 20ರಷ್ಟನ್ನು ಅದೊಂದೇ ಬಳಸಿಕೊಳ್ಳುತ್ತದೆ. ಲೆಕ್ಕ ಮಾಡುವಾಗ ಈ ಖರ್ಚು ತುಸು ಏರುತ್ತದೆ, ಅಷ್ಟೆ. ಸುಮ್ಮನೆ ಕುಳಿತರೆ ಹೆಚ್ಚೇನೂ ಇಳಿಯುವುದಿಲ್ಲ. ಅಂದಮೇಲೆ ಬಿಡುವಿನ ವೇಳೆಯಲ್ಲಿ ಅದು ಮಾಡುತ್ತಿರುವುದೇನು?

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 2001ರಲ್ಲಿ ಒಂದು ಕುತೂಹಲಕರ ಸಂಗತಿಯನ್ನು ಪ್ರಕಟಿಸಿದರು. ಮಿದುಳಿನ ಕೆಲವು ಭಾಗಗಳು ನಾವು ಕೆಲಸದಲ್ಲಿ ತೊಡಗಿದಾಗ ಮಂಕಾಗುತ್ತವೆ, ಕೆಲಸ ಬಿಟ್ಟೊಡನೆ ಚುರುಕಾಗುತ್ತವೆ. ಹಣೆಯ ಹಿಂಬದಿಯ ನಡುಭಾಗ ಮತ್ತು ಮಿದುಳಿನ ಹಿಂದಿನ ನಡುಭಾಗಗಳು ಇವುಗಳಲ್ಲಿ ಮುಖ್ಯವಾದವು. ಒಂದಕ್ಕೊಂದು ತಾಳ ಹಾಕುವ ಈ ಭಾಗಗಳನ್ನು ಒಟ್ಟಾಗಿ ‘ಸಹಜಸ್ಥಿತಿ ಜಾಲ’ ಎನ್ನಬಹುದು. ನಿನ್ನೆಯದನ್ನು ಮೆಲುಕು ಹಾಕುವುದು, ನಾಳೆಯದನ್ನು ಊಹಿಸುವುದು, ‘ಅವರು ನನ್ನ ಬಗ್ಗೆ ಏನೆಂದುಕೊಂಡರೋ’ ಎಂದು ಯೋಚಿಸುವುದು, ಇವೆಲ್ಲ ಈ ಜಾಲ ಚುರುಕಾಗಿರುವ ವೇಳೆಯ ಕೆಲಸಗಳು. ಮುಂದಾಲೋಚನೆ ಮಾಡುವ ಪ್ರಾಣಿಗೆ ಇದು ಬೇಕೇ ಬೇಕು. ಗೋವಿನಜೋಳ ಬಿತ್ತುವ ಮೊದಲೇ ಮಳೆಯ ಚಿಂತೆ ಮಾಡದ ರೈತ ಉಳಿಯುವುದುಂಟೇ?

ಇನ್ನೆರಡು ಅಧ್ಯಯನಗಳನ್ನು ಇಲ್ಲಿ ನೆನೆಯಬಹುದು. ಹಾರ್ವರ್ಡ್‌ನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬವರು 2250 ವಯಸ್ಕರನ್ನು ಹಗಲಿನ ಬೇರೆ ಬೇರೆ ಹೊತ್ತಿನಲ್ಲಿ ಫೋನಿನ ಮೂಲಕ ‘ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ?’ ಎಂದು ಕೇಳಿ 2010ರಲ್ಲಿ ವರದಿ ಮಾಡಿದರು. ಶೇಕಡಾ 46.9ರಷ್ಟು ಸಲ ಮನಸ್ಸು ಕೈಯಲ್ಲಿದ್ದ ಕೆಲಸದ ಮೇಲೆ ಇರಲಿಲ್ಲ. ಎರಡನೆಯದು ಇನ್ನೂ ಸ್ವಾರಸ್ಯದ್ದು. ವರ್ಜೀನಿಯ ವಿಶ್ವವಿದ್ಯಾಲಯದ ತಿಮೋತಿ ವಿಲ್ಸನ್ ತಂಡ ಜನರನ್ನು ಬರಿಯ ಕೋಣೆಯಲ್ಲಿ 15 ನಿಮಿಷ ಒಂಟಿಯಾಗಿ ಕೂಡಿಸಿತು. ಫೋನಿಲ್ಲ, ಪುಸ್ತಕವಿಲ್ಲ. ಒತ್ತಿದರೆ ಸಣ್ಣ ವಿದ್ಯುತ್ ಆಘಾತ ಕೊಡುವ ಒಂದು ಗುಂಡಿ ಮಾತ್ರ ಇತ್ತು. ಆ ಆಘಾತದ ರುಚಿಯನ್ನು ಅವರೆಲ್ಲ ಮೊದಲೇ ಕಂಡಿದ್ದರು. ಅದನ್ನು ತಪ್ಪಿಸಿಕೊಳ್ಳಲು ದುಡ್ಡಾದರೂ ಕೊಟ್ಟೇವು ಎಂದೂ ಹೇಳಿದ್ದರು. ಆದರೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಸುಮ್ಮನಿರಲಾರದೆ ಗುಂಡಿ ಒತ್ತಿಕೊಂಡರು! 2014ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ನೆನೆದರೆ, ನಾಲ್ಕು ದಿನ ಕಣ್ಣು ಮುಚ್ಚಿ ಕುಳಿತ ನಮ್ಮ ರೈತರು ಸಾಮಾನ್ಯರಲ್ಲ ಎನಿಸುತ್ತದೆ.

ಮನಸ್ಸು ಓಡುತ್ತದೆ ಎಂಬುದು ಹೊಸ ಶೋಧವೇನೂ ಅಲ್ಲ. ಬಸವಣ್ಣನವರು ಒಂದು ವಚನದಲ್ಲಿ ಮನಸ್ಸನ್ನು ಕೊಂಬೆಯ ಮೇಲಿನ ಮಂಗಕ್ಕೆ ಹೋಲಿಸಿದ್ದಾರೆ. ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನೂ ಇದೇ ದೂರು ಹೇಳುತ್ತಾನೆ. ಅಲ್ಲಿ ಸಿಗುವ ಉತ್ತರದಲ್ಲಿನ ಮೊದಲ ಉಪಾಯ ‘ಅಭ್ಯಾಸ’ ಎಂಬುದನ್ನು ಗಮನಿಸಬೇಕು.

ಪ್ರಯೋಗಶಾಲೆಯಲ್ಲಿ ಯೋಗಿಗಳು

ಧ್ಯಾನಸ್ಥರ ದೇಹವನ್ನು ಉಪಕರಣಗಳಿಂದ ಅಳೆಯುವ ಕೆಲಸದಲ್ಲಿ ನಮ್ಮ ದೇಶ ಮೊದಲಿನವುಗಳಲ್ಲಿ ಒಂದು. ಬಾಗ್ಚಿ ಮತ್ತು ವೆಂಗರ್ ಎಂಬ ಸಂಶೋಧಕರು 1957ರಲ್ಲಿ ಅಮೆರಿಕದಿಂದ ಉಪಕರಣಗಳೊಡನೆ ಬಂದು ಭಾರತ ಸುತ್ತಿ ಯೋಗಿಗಳ ನಾಡಿ, ಉಸಿರು, ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬಿ. ಕೆ. ಆನಂದ್ ತಂಡ 1961ರಲ್ಲಿ, ಧ್ಯಾನದ ವೇಳೆ ಯೋಗಿಗಳ ಮಿದುಳಿನಲ್ಲಿ ಆಲ್ಫಾ ಅಲೆಗಳು ಎದ್ದು ಕಾಣುತ್ತವೆ ಎಂದು ವರದಿ ಮಾಡಿತು. ಅವರಲ್ಲಿ ಇಬ್ಬರು ಕೈಯನ್ನು ಕೊರೆಯುವ ತಣ್ಣೀರಿನಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು ಕಾಲ ಅದ್ದಿದ್ದರೂ ಆ ಅಲೆಗಳು ಕದಡಲಿಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು. ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಆಲ್ಫಾ ಅಲೆಗಳು ಯೋಗಿಗಳ ಸ್ವತ್ತಲ್ಲ. ಎಚ್ಚರವಿದ್ದು ಕಣ್ಣು ಮುಚ್ಚಿದರೆ ಬಹುಪಾಲು ಜನರಲ್ಲಿ ಅವು ಕಾಣಿಸಿಕೊಳ್ಳುತ್ತವೆ. ‘ನಮ್ಮ ಯಂತ್ರ ಕೊಳ್ಳಿರಿ, ಆಲ್ಫಾ ಅಲೆ ಬರಿಸಿ ಧ್ಯಾನಿಯಾಗಿರಿ’ ಎಂಬ ಜಾಹೀರಾತುಗಳನ್ನು ಈ ತಿಳಿವಳಿಕೆಯ ಬೆಳಕಿನಲ್ಲಿ ಓದಬೇಕು.

ಕರ್ನಾಟಕದಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ವಿವೇಕಾನಂದ ಕೇಂದ್ರ ಯೋಗ ಸಂಶೋಧನ ಪ್ರತಿಷ್ಠಾನದ ಶರ್ಲಿ ಟೆಲ್ಲಿಸ್ ಮತ್ತು ಸಂಗಡಿಗರು 1995ರಲ್ಲಿ, ಮನಸ್ಸಿನಲ್ಲೇ ‘ಓಂ’ ನೆನೆಯುವ 7 ಮಂದಿ ಅನುಭವಿ ಧ್ಯಾನಿಗಳಲ್ಲಿ ಹೃದಯಬಡಿತ ಇಳಿಯುವುದನ್ನು ತೋರಿಸಿದರು. ನಿಮ್ಹಾನ್ಸ್‌ನ ತಂಡವೊಂದು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಜಾಣ್ಮೆ ಅದರ ಹೋಲಿಕೆಯಲ್ಲಿದೆ. 12 ಮಂದಿ ಕಾರ್ಯಾತ್ಮಕ ಎಂಆರ್‌ಐ ಯಂತ್ರದಲ್ಲಿ ಮಲಗಿ ಒಮ್ಮೆ ‘ಓಂ’ ಎಂದೂ ಇನ್ನೊಮ್ಮೆ ಅರ್ಥವಿಲ್ಲದ ‘ಸ್ಸ್ಸ್’ ಎಂದೂ ಉಚ್ಚರಿಸಿದರು. ಭಯ, ಉದ್ವೇಗಗಳೊಂದಿಗೆ ನಂಟಿರುವ ಅಮಿಗ್ಡಲ, ಹಿಪೊಕ್ಯಾಂಪಸ್ ಮುಂತಾದ ಭಾಗಗಳ ಚಟುವಟಿಕೆ ‘ಓಂ’ ಎಂದಾಗ ತಗ್ಗಿತು. ‘ಸ್ಸ್ಸ್’ ಎಂದಾಗ ಹಾಗಾಗಲಿಲ್ಲ. ಎರಡರಲ್ಲೂ ಉಸಿರು ಬಿಡುವುದು ಇದ್ದೇ ಇತ್ತು. ಆದ್ದರಿಂದ ಕಂಪನ, ರೂಢಿ, ಭಾವನೆ ಇವುಗಳಲ್ಲಿ ಯಾವುದೋ ಒಂದು ವ್ಯತ್ಯಾಸ ತಂದಿರಬೇಕು. ಇದೊಂದು ಸಣ್ಣ, ಪ್ರಾಥಮಿಕ ಅಧ್ಯಯನ ಎಂಬುದನ್ನು ಮರೆಯಬಾರದು. 12 ಜನರ ಫಲಿತಾಂಶವನ್ನು ಹಿಡಿದು ‘ವಿಜ್ಞಾನವೇ ಒಪ್ಪಿದೆ’ ಎಂದು ವೇದಿಕೆಯಲ್ಲಿ ಹೇಳುವುದು ವಿಜ್ಞಾನಕ್ಕೂ ಒಳ್ಳೆಯದಲ್ಲ, ಧ್ಯಾನಕ್ಕೂ ಒಳ್ಳೆಯದಲ್ಲ.

ಗುಂಡಿ ಒತ್ತಿದ ಧ್ಯಾನಿಗಳು

ನಮ್ಮ ಪ್ರಶ್ನೆಗೆ ನೇರ ಉತ್ತರ ಕೊಟ್ಟದ್ದು 2012ರ ಒಂದು ಪ್ರಯೋಗ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ವೆಂಡಿ ಹ್ಯಾಸೆನ್‌ಕ್ಯಾಂಪ್ ಮತ್ತು ಸಂಗಡಿಗರು ಧ್ಯಾನದ ಅನುಭವವಿದ್ದ 14 ಮಂದಿಗೆ ಎಂಆರ್‌ಐ ಯಂತ್ರದಲ್ಲಿ 20 ನಿಮಿಷ ಉಸಿರಿನ ಮೇಲೆ ಗಮನವಿಡಲು ಹೇಳಿದರು. ಮನಸ್ಸು ಬೇರೆಡೆಗೆ ಹೋಗಿದೆ ಎಂದು ಗೊತ್ತಾದ ಕ್ಷಣ ಒಂದು ಗುಂಡಿ ಒತ್ತಿ ಮತ್ತೆ ಉಸಿರಿಗೆ ಮರಳಬೇಕು. ಇಷ್ಟೇ ಕೆಲಸ. ಅನುಭವಿಗಳಾದ ಇವರೇ ಆ 20 ನಿಮಿಷಗಳಲ್ಲಿ ಸರಾಸರಿ 15ರ ಸುಮಾರಿಗೆ ಗುಂಡಿ ಒತ್ತಿದರು. ಅಂದರೆ ಹೆಚ್ಚುಕಡಿಮೆ ಒಂದೂಕಾಲು ನಿಮಿಷಕ್ಕೊಮ್ಮೆ ಮನಸ್ಸು ತಪ್ಪಿಸಿಕೊಂಡು ಹೋಗಿತ್ತು!

ಗುಂಡಿ ಒತ್ತಿದ ಕ್ಷಣದ ಹಿಂದು ಮುಂದಿನ ಸೆಕೆಂಡುಗಳಲ್ಲಿ ಮಿದುಳಿನಲ್ಲಿ ಏನಾಯಿತೆಂದು ಅವರು ನೋಡಿದರು. ಅಲೆದಾಟದ ವೇಳೆ ಸಹಜಸ್ಥಿತಿ ಜಾಲ ಚುರುಕಾಗಿತ್ತು. ‘ಅರೆ, ಎಲ್ಲಿಗೋ ಹೋದೆನಲ್ಲ’ ಎಂದು ಎಚ್ಚೆತ್ತಾಗ ಮಹತ್ವದ ಸಂಗತಿಯನ್ನು ಗುರುತಿಸುವ ಬೇರೊಂದು ಜಾಲ ಚುರುಕಾಯಿತು. ಗಮನವನ್ನು ಉಸಿರಿಗೆ ಮರಳಿ ತರುವಾಗ ಮತ್ತು ಅಲ್ಲೇ ನಿಲ್ಲಿಸಿಕೊಳ್ಳುವಾಗ ಮೂರನೆಯದಾದ ನಿರ್ವಹಣಾ ಜಾಲ ಕೆಲಸ ಮಾಡಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅಲೆದಾಟ. ಒಂದು ಕುಳಿತಿನಲ್ಲಿ ಈ ಚಕ್ರ ಹಲವು ಬಾರಿ ತಿರುಗುತ್ತದೆ.

ಧ್ಯಾನದ ವ್ಯಾಯಾಮ ಇರುವುದು ಈ ಎಚ್ಚೆತ್ತು ಮರಳುವ ಎರಡು ಹಂತಗಳಲ್ಲಿ. ಗರಡಿಮನೆಯಲ್ಲಿ ಕಲ್ಲುಗುಂಡು ಎತ್ತುವವನಿಗೆ ಗುಂಡು ಕೆಳಗಿಳಿದದ್ದು ಸೋಲಲ್ಲ. ಇಳಿಯದಿದ್ದರೆ ಮತ್ತೊಮ್ಮೆ ಎತ್ತುವುದೇನನ್ನು? ಹಾರ್ವರ್ಡ್‌ನ ವೈದ್ಯ ಹರ್ಬರ್ಟ್ ಬೆನ್ಸನ್ ಹಲವು ಧರ್ಮಗಳ ಧ್ಯಾನ ವಿಧಾನಗಳನ್ನು ಸೋಸಿ ಎರಡು ಮುಖ್ಯ ಅಂಶಗಳನ್ನು ಉಳಿಸಿಕೊಂಡಿದ್ದರು. ಒಂದು, ಪದವನ್ನೋ ಉಸಿರನ್ನೋ ಮತ್ತೆ ಮತ್ತೆ ಹಿಡಿಯುವುದು. ಇನ್ನೊಂದು, ಬಂದ ಯೋಚನೆಗಳೊಡನೆ ಜಗಳವಾಡದೆ ಸುಮ್ಮನೆ ಮರಳುವುದು. ಹಾವೇರಿ ಸೀಮೆಯ ಲಿಂಗಾಯತ ಮನೆಗಳಲ್ಲಿ ಹಿರಿಯರು ನಸುಕಿನಲ್ಲಿ ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿರಿಸಿ ದೃಷ್ಟಿ ನೆಡುವುದನ್ನು ಕಂಡವರಿಗೆ ಮೊದಲನೆಯ ಅಂಶ ಹೊಸದಲ್ಲ. ಅದರ ಧಾರ್ಮಿಕ ಅರ್ಥ ಬೇರೆ, ದೊಡ್ಡದು. ಅದನ್ನು ಮಿದುಳಿನ ಜಾಲಕ್ಕೆ ಇಳಿಸಿ ನೋಡುವುದು ಸಲ್ಲದು. ಗಮನವನ್ನು ಒಂದೆಡೆ ಕಟ್ಟಲು ಒಂದು ಗೂಟ ಬೇಕೆಂಬ ಅನುಭವ ಮಾತ್ರ ಎರಡೂ ಕಡೆ ಒಂದೇ.

ಉಸಿರನ್ನೇ ಹಿಡಿಯುವುದೇಕೆ?

ಉಸಿರಿಗೆ ಒಂದು ವಿಶೇಷವಿದೆ. ಹೃದಯಬಡಿತ, ಜೀರ್ಣಕ್ರಿಯೆ ನಮ್ಮ ಮಾತು ಕೇಳುವುದಿಲ್ಲ. ಕೈಕಾಲುಗಳು ನಾವು ಹೇಳದೆ ಅಲುಗುವುದಿಲ್ಲ. ಉಸಿರು ಎರಡೂ ಕಡೆಗೆ ಸೇರಿದ್ದು. ತನ್ನಷ್ಟಕ್ಕೆ ನಡೆಯುತ್ತದೆ, ಬೇಕೆಂದರೆ ನಾವೂ ನಡೆಸಬಹುದು.

ಈಗಲೇ ಒಂದು ಪ್ರಯೋಗ ಮಾಡಿ ನೋಡಿ. ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಬದಿಗೆ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನವಾಗಿ ಉಸಿರೆಳೆಯಿರಿ, ಇನ್ನೂ ನಿಧಾನವಾಗಿ ಬಿಡಿ. ಎಳೆದುಕೊಳ್ಳುವಾಗ ನಾಡಿ ತುಸು ಬಿರುಸಾಗುವುದೂ ಬಿಡುವಾಗ ನಿಧಾನವಾಗುವುದೂ ಬೆರಳಿಗೆ ತಿಳಿಯುತ್ತದೆ. ಎಳೆಯರಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ, ವಯಸ್ಸಾದಂತೆ ಕಡಿಮೆಯಾಗುತ್ತದೆ. ಜರ್ಮನಿಯ ಕಾರ್ಲ್ ಲುಡ್ವಿಗ್ ಇದನ್ನು 1847ರಲ್ಲೇ ದಾಖಲಿಸಿದ್ದ. ಮಿದುಳಿನ ಕಾಂಡದಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ಹೃದಯಕ್ಕೆ ಬ್ರೇಕ್ ಇದ್ದಂತೆ. ಉಸಿರೆಳೆಯುವಾಗ ಈ ಬ್ರೇಕ್ ಸಡಿಲಾಗುತ್ತದೆ, ಬಿಡುವಾಗ ಬಿಗಿಯಾಗುತ್ತದೆ. ಹೀಗಾಗಿ ಉಸಿರು ನಿಧಾನವಾಗಿ, ನಿಶ್ವಾಸ ದೀರ್ಘವಾದಂತೆ ದೇಹ ವಿಶ್ರಾಂತಿಯ ಕಡೆಗೆ ವಾಲುತ್ತದೆ. ಇಟಲಿಯ ಲೂಚಿಯಾನೊ ಬೆರ್ನಾರ್ಡಿ ತಂಡ 2001ರಲ್ಲಿ 23 ಮಂದಿಯನ್ನು ಪರೀಕ್ಷಿಸಿದಾಗ, ಕ್ರೈಸ್ತರ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆ ಮತ್ತು ‘ಓಂ ಮಣಿ ಪದ್ಮೇ ಹೂಂ’ ಮಂತ್ರ ಎರಡೂ ಉಸಿರಾಟವನ್ನು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಸಿದವು. ರಕ್ತದೊತ್ತಡದ ಸಹಜ ಏರಿಳಿತದ ಲಯವೂ ಸುಮಾರಾಗಿ ಅಷ್ಟೇ. ಎರಡು ಬೇರೆ ಖಂಡಗಳ ಭಕ್ತರು ಒಂದೇ ಲಯಕ್ಕೆ ಬಂದು ನಿಂತಿದ್ದರು.

ಕಾಳು ಎಣಿಸುತ್ತ ಕೂಡುವುದು

ಅಂದು ಆ ರೈತರಿಗೆ ನಾನು ಹೇಳಿದ ವಿಧಾನ ಇದು. ಎರಡು ಬಟ್ಟಲು ಬೇಕು. ಒಂದರಲ್ಲಿ ಹಿಡಿಯಷ್ಟು ಗೋವಿನಜೋಳದ ಕಾಳು ಹಾಕಿ ಬಲಕ್ಕಿಡಿ, ಖಾಲಿ ಬಟ್ಟಲು ಎಡಕ್ಕಿರಲಿ. ಪಡಸಾಲೆಯ ಗೋಡೆಗೆ ಬೆನ್ನು ತಾಗಿಸಿ ಕುಳಿತರೂ ಸರಿ, ಕುರ್ಚಿಯಾದರೂ ಸರಿ. ಮೊಣಕಾಲು ನೋವಿರುವವರು ಪದ್ಮಾಸನದ ಹಟ ಹಿಡಿಯಬಾರದು. ಬೆನ್ನು ನೆಟ್ಟಗಿದ್ದು ದೇಹ ಬಿಗಿಯದಿದ್ದರೆ ಸಾಕು. ಐದು ನಿಮಿಷಕ್ಕೆ ಮೊಬೈಲಿನಲ್ಲಿ ಗಂಟೆ ಇಟ್ಟು, ಅದನ್ನು ಕೈಗೆಟುಕದ ಕಡೆ ಇರಿಸಿ. ಮೊದಲ ನಾಲ್ಕಾರು ಉಸಿರನ್ನು ಬೇಕೆಂದೇ ದೀರ್ಘವಾಗಿ ಬಿಡಿ. ಆಮೇಲೆ ಉಸಿರು ತನ್ನಷ್ಟಕ್ಕೆ ನಡೆಯಲಿ. ಮೂಗಿನ ತುದಿಯಲ್ಲೋ ಹೊಟ್ಟೆಯ ಏರಿಳಿತದಲ್ಲೋ ಅದನ್ನು ಗಮನಿಸಿ. ಪ್ರತಿ ನಿಶ್ವಾಸಕ್ಕೆ ಒಂದರಂತೆ ಹತ್ತರವರೆಗೆ ಎಣಿಸಿ ಮತ್ತೆ ಒಂದರಿಂದ ಆರಂಭಿಸಿ. ಎಣಿಕೆ ತಪ್ಪಿದ್ದು, ಇಲ್ಲವೆ ಎಣಿಕೆ ನಡೆಯುತ್ತಲೇ ಮನಸ್ಸು ಪೇಟೆಗೆ ಹೋಗಿದ್ದು ಗೊತ್ತಾದೊಡನೆ ಬಲಗಡೆಯಿಂದ ಒಂದು ಕಾಳು ತೆಗೆದು ಎಡಗಡೆ ಹಾಕಿ. ಮತ್ತೆ ಒಂದು. ಅಷ್ಟೆ.

ಹೊರಗೆ ಟ್ರ್ಯಾಕ್ಟರ್ ಸದ್ದಾದರೆ, ಒಳಗೆ ರೊಟ್ಟಿ ಬಡಿಯುವ ಸಪ್ಪಳವಾದರೆ ಸಿಟ್ಟಾಗಬೇಕಿಲ್ಲ. ಕೇಳಿಸಿತು, ಮರಳಿದೆ, ಒಂದು ಕಾಳು. ತೂಕಡಿಕೆ ಬಂದರೆ ಕಣ್ಣು ಅರೆತೆರೆದು ನೆಲ ನೋಡಿ. ಊಟವಾದ ಕೂಡಲೇ ಕುಳಿತರೆ ತೂಕಡಿಕೆ ಬಂದೇ ಬರುತ್ತದೆ. ಕಾಲು ಜೋಮು ಹಿಡಿದರೆ ಅದು ಸಿದ್ಧಿಯ ಲಕ್ಷಣವೂ ಅಲ್ಲ, ಅಪಾಯವೂ ಅಲ್ಲ. ಕಾಲಿನ ನರ ಒತ್ತಿಹಿಡಿದಾಗ ಸಂಕೇತಗಳು ಸರಿಯಾಗಿ ಸಾಗುವುದಿಲ್ಲ; ಒತ್ತಡ ತೆಗೆದಾಗ ಮತ್ತೆ ಹರಿದು ಬರುವ ಸಂಕೇತಗಳೇ ಜುಮುಜುಮು ಎನ್ನುತ್ತವೆ. ಕಾಲು ಸರಿಸಿಕೊಳ್ಳಿ.

ಮೂರ್ನಾಲ್ಕು ವಾರ ಕಳೆದ ಮೇಲೆ ಅದೇ ರೈತರು ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕರು. ದೂರು ಸಿದ್ಧವಾಗಿತ್ತು. “ಸರ, ಮೊದಲ್ನೇ ದಿನ ಮೂರ ಕಾಳ ಇದ್ದೂ. ಈಗ ಹನ್ನೊಂದಕ್ಕ ಬಂದಾವ. ದಿನಾ ಕುಂತಂಗ ಕೆಡಾಕ ಹತ್ತೇತಲ್ರೀ!”

ಕೆಟ್ಟಿರಲಿಲ್ಲ. ಮೊದಲ ದಿನ ಅವರ ಮನಸ್ಸು ಮೂರೇ ಸಲ ಓಡಿತ್ತು, ಆದರೆ ಪ್ರತಿ ಸಲವೂ ಒಂದೊಂದು ನಿಮಿಷ ಹೊರಗೇ ಉಳಿದಿತ್ತು. ಈಗ ಹನ್ನೊಂದು ಸಲ ಓಡಿದ್ದರೂ ಕೆಲವೇ ಸೆಕೆಂಡುಗಳಲ್ಲಿ ಅವರಿಗೆ ಗೊತ್ತಾಗುತ್ತಿದೆ. ಕಾಳು ಎಣಿಸುವುದು ಓಟವನ್ನಲ್ಲ, ಎಚ್ಚರವನ್ನು. ಆರಂಭದ ವಾರಗಳಲ್ಲಿ ಎಡಬಟ್ಟಲು ತುಂಬುತ್ತ ಹೋದರೆ ಅದು ಒಳ್ಳೆಯ ಸೂಚನೆ. ಮುಂದೆ ಎಂದೋ ಕಡಿಮೆಯಾಗಬಹುದು. ಆದರೂ ಸೊನ್ನೆಗೆ ಬರಬೇಕೆಂದು ಕಾಯಬಾರದು. ಎಮೊರಿಯ ಅನುಭವಿಗಳನ್ನು ನೆನೆದುಕೊಳ್ಳಿ.

ಎಷ್ಟು ದಿನ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಸಂಪ್ರದಾಯ 48 ದಿನಗಳ ಮಂಡಲದ ಮಾತಾಡುತ್ತದೆ, ಜಾಹೀರಾತುಗಳು 21 ದಿನ ಎನ್ನುತ್ತವೆ. ಲಂಡನ್ನಿನ ಫಿಲಿಪ್ಪ ಲಾಲಿ ತಂಡ, ದಿನಕ್ಕೊಂದು ಹೊಸ ರೂಢಿ ಬೆಳೆಸಿಕೊಳ್ಳಲು ಹೊರಟವರನ್ನು ಗಮನಿಸಿ ವರದಿ ಮಾಡಿದಾಗ, ರೂಢಿ ಕೂಡಿಬರಲು ಸರಾಸರಿ 66 ದಿನ ಬೇಕಾಗಿತ್ತು. ಒಬ್ಬರಿಗೆ 18, ಮತ್ತೊಬ್ಬರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಕೆಟ್ಟಿರಲಿಲ್ಲ. ಅದು ಧ್ಯಾನದ ಅಧ್ಯಯನವಲ್ಲ, ತಿಂಡಿ, ನೀರು, ನಡಿಗೆಯಂಥ ರೂಢಿಗಳದ್ದು. ಆದರೂ ಹಬ್ಬಕ್ಕೋ ಬಿತ್ತನೆಗೋ ಒಂದು ದಿನ ತಪ್ಪಿ ‘ವ್ರತ ಮುರಿಯಿತು’ ಎಂದು ಬಿಟ್ಟುಬಿಡುವವರು ಇದನ್ನು ತಿಳಿದಿರುವುದು ಒಳ್ಳೆಯದು.

‘ಗುಳಿಗಿ ಬಿಡಲೇನ್ರಿ?’

ಬಸ್ ಬರುವ ಮೊದಲು ಅವರು ಇನ್ನೊಂದು ಮಾತು ಕೇಳಿದರು. ನಿದ್ದೆಗೆಟ್ಟ ಕಾರಣಕ್ಕೆ ವೈದ್ಯರಲ್ಲಿ ಹೋದಾಗ ರಕ್ತದೊತ್ತಡ ಹೆಚ್ಚಿರುವುದು ಗೊತ್ತಾಗಿ ಮಾತ್ರೆ ಬರೆದುಕೊಟ್ಟಿದ್ದರಂತೆ. “ಧ್ಯಾನ ಮಾಡಿದ್ರ ಬಿಪಿ ಇಳೀತೈತಿ ಅಂತಾರ. ಗುಳಿಗಿ ಬಿಡಲೇನ್ರಿ?”

ಬಿಡಬಾರದು. ಅಮೆರಿಕದ ಹೃದ್ರೋಗ ಸಂಘ 2017ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಧ್ಯಾನದಿಂದ ಲಾಭವಿರಬಹುದು, ಆದರೆ ಅದು ರೂಢಿಯ ಚಿಕಿತ್ಸೆಯ ಜೊತೆಗಿರಬೇಕೇ ಹೊರತು ಬದಲಿಗಲ್ಲ ಎಂದಿತು. ಒಟ್ಟಾರೆ ಪುರಾವೆಗಳ ಚಿತ್ರವೂ ಹೀಗೆಯೇ ಇದೆ. 2014ರಲ್ಲಿ ಗೋಯಲ್ ಮತ್ತು ಸಂಗಡಿಗರು 47 ಪರೀಕ್ಷೆಗಳ 3515 ಮಂದಿಯ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಆತಂಕ, ಖಿನ್ನತೆ ಮತ್ತು ನೋವನ್ನು ಧ್ಯಾನ ಅಲ್ಪಮಟ್ಟಿಗೆ ತಗ್ಗಿಸುತ್ತದೆ ಎನ್ನಲು ಸಾಧಾರಣ ಬಲದ ಆಧಾರವಿತ್ತು. ಔಷಧ, ವ್ಯಾಯಾಮದಂಥ ಇತರ ಸಕ್ರಿಯ ಚಿಕಿತ್ಸೆಗಳಿಗಿಂತ ಅದು ಮೇಲು ಎನ್ನಲು ಆಧಾರ ಸಿಗಲಿಲ್ಲ. ಬ್ರಿಟನ್ನಿನ ಶಾಲೆಗಳಲ್ಲಿ 8000ಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡು ನಡೆಸಿದ ದೊಡ್ಡ ಪರೀಕ್ಷೆಯಲ್ಲಿ, ಪಾಠದಂತೆ ಧ್ಯಾನ ಕಲಿತ ಮಕ್ಕಳ ಮಾನಸಿಕ ಆರೋಗ್ಯ ಉಳಿದವರಿಗಿಂತ ಸುಧಾರಿಸಲಿಲ್ಲ ಎಂದು 2022ರಲ್ಲಿ ತಿಳಿದುಬಂತು. ಬಹಳಷ್ಟು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರನ್ನೂ ಕಣ್ಣು ಮುಚ್ಚಿಸಿ ನಿಲ್ಲಿಸುವ ನಮ್ಮ ಶಾಲೆಗಳು ಇದನ್ನು ಗಮನಿಸಬಹುದು.

ಧ್ಯಾನದಿಂದ ಕೆಲವರಿಗೆ ತೊಂದರೆಯೂ ಆಗುತ್ತದೆ ಎಂಬುದನ್ನು ಕಲಿಸುವವರು ಸಾಮಾನ್ಯವಾಗಿ ಹೇಳುವುದಿಲ್ಲ. 2020ರಲ್ಲಿ ಪ್ರಕಟವಾದ, 83 ಅಧ್ಯಯನಗಳ ಒಂದು ಸಮೀಕ್ಷೆಯಲ್ಲಿ ಸುಮಾರು ಶೇಕಡಾ 8ರಷ್ಟು ಮಂದಿಗೆ ಆತಂಕ, ಖಿನ್ನತೆಯಂಥ ಅಹಿತ ಅನುಭವಗಳಾದದ್ದು ಕಂಡುಬಂತು. ಐದು ನಿಮಿಷದ ಕಾಳಿನ ಎಣಿಕೆಗೂ ದಿನವಿಡೀ ಮೌನದಲ್ಲಿ ಕೂರುವ ಶಿಬಿರಕ್ಕೂ ವ್ಯತ್ಯಾಸವಿದೆ. ಹಿಂದೆ ತೀವ್ರ ಮಾನಸಿಕ ಕಾಯಿಲೆಯಾಗಿದ್ದವರು, ದೊಡ್ಡ ಆಘಾತ ಅನುಭವಿಸಿದವರು ದೀರ್ಘ ಶಿಬಿರಗಳಿಗೆ ಸೇರುವ ಮೊದಲು ವೈದ್ಯರೊಡನೆ ಮಾತನಾಡಬೇಕು. ಕುಳಿತಾಗ ಎದೆ ಹೊಡೆದುಕೊಂಡು ಭಯ ಹೆಚ್ಚಾದರೆ ಕಣ್ಣು ತೆರೆದು ಎದ್ದು ನಾಲ್ಕು ಹೆಜ್ಜೆ ನಡೆಯುವುದೇ ಸರಿ, ಬಲವಂತದಿಂದ ಮುಂದುವರಿಸಬಾರದು.

ಇನ್ನೊಂದು ಮಾತನ್ನು ಈ ಸೀಮೆಯಲ್ಲಿ ಬಿಡಿಸಿ ಹೇಳಬೇಕು. ಬೆಳೆ ಹೋಗಿ ಸಾಲ ನಿಂತ ಮನೆಯಲ್ಲಿ ‘ಧ್ಯಾನ ಮಾಡು, ಸರಿಹೋಗುತ್ತದೆ’ ಎನ್ನುವುದು ಪರಿಹಾರವಲ್ಲ. ಮೆಣಸಿನಕಾಯಿಯ ದರ ಉಸಿರಿನ ಎಣಿಕೆಯಿಂದ ಏರುವುದಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ ಊಟ ಕೆಟ್ಟು, ಬದುಕು ಸಾಕೆನ್ನುವ ಮಾತು ಯಾರ ಬಾಯಿಂದಲಾದರೂ ಬಂದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ಅಂಥವರನ್ನು ಒಂಟಿಯಾಗಿ ಕಣ್ಣು ಮುಚ್ಚಿ ಕೂರಲು ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಧಾರವಾಡದ ಡಿಮ್ಹಾನ್ಸ್ ಈ ಭಾಗಕ್ಕೆ ಹತ್ತಿರವಿರುವ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತನಾಡಬಹುದು.

ಆ ರೈತರು ಮಾತ್ರೆ ಬಿಟ್ಟಿಲ್ಲ. ಕಾಳಿನ ಲೆಕ್ಕವನ್ನು ಮೊಮ್ಮಗ ಪಂಚಾಂಗದ ಪುಟದಲ್ಲಿ ದಿನವಾರು ಬರೆದಿಡುತ್ತಿದ್ದಾನಂತೆ. ಸಂತೆಯ ದಿನ ಮಾತ್ರ ಹೆಚ್ಚು ಬೀಳುತ್ತವೆ ಎಂದರು.